ಕಾಡು ಕಾಯುವ ಕೆಲಸಕ್ಕೆ ನಮ್ಮ ಮಕ್ಕಳು



ತಾಳವಾಡಿ ಸೀಮೆಯಲ್ಲಿ ಕಾಡಂಚಿನ ಹೊಲದವರಿಗೆ ರಾತ್ರಿಯ ನಿದ್ದೆ ಅಪರೂಪ. ರಾಗಿ ತೆನೆಗಟ್ಟಿತೆಂದರೆ, ಕಬ್ಬು ಬಲಿಯಿತೆಂದರೆ ಆನೆ ಇಳಿಯುತ್ತದೆ. ಅಟ್ಟಣೆ ಮೇಲೆ ಕೂತು ಕಾದರೂ ಬೆಳಗಾಗುವಾಗ ಅರ್ಧ ಬೆಳೆ ನೆಲದ ಪಾಲು. ಆಗ ಅರಣ್ಯ ಇಲಾಖೆಯವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಖಾಕಿ ತೊಟ್ಟು ನಮ್ಮ ಹೊಲಕ್ಕೆ ಬರುವವರಲ್ಲಿ ನಮ್ಮ ಮನೆಯ ಮಕ್ಕಳು ಎಷ್ಟು ಮಂದಿ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ.

ನಮ್ಮ ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸುಮಾರು 1,400 ಚದರ ಕಿಲೋಮೀಟರು. ಬಂಡೀಪುರ, ಮುದುಮಲೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಿಗೂ ಇದಕ್ಕೂ ನಂಟಿದೆ. ಬೆಳೆಗೆ ನುಗ್ಗಿ ಜನರನ್ನೂ ಬಲಿ ತೆಗೆದುಕೊಂಡಿದ್ದ ‘ಕರುಪ್ಪನ್’ ಎಂಬ ಆನೆಯನ್ನು 2023ರ ಏಪ್ರಿಲಿನಲ್ಲಿ ಕುಮ್ಕಿ ಆನೆಗಳ ನೆರವಿನಿಂದ ಹಿಡಿದದ್ದು ನೆನಪಿರಬಹುದು. ಮೊದಲ ಪ್ರಯತ್ನಗಳು ಕೈಗೂಡಿರಲಿಲ್ಲ. ಇಂಥ ಕೆಲಸಕ್ಕೆ ಬಂದೂಕು, ಔಷಧಿ ಮಾತ್ರ ಸಾಲವು. ಆನೆ ಯಾವ ಹಳ್ಳದಿಂದ ಇಳಿಯುತ್ತದೆ, ಯಾವ ಹೊಲದ ಬದುವಿನಲ್ಲಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಬೇಕು. ಅದು ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ.

ಮೆಟ್ಟಿಲುಗಳು

ಇಲಾಖೆಯಲ್ಲಿ ಕೆಳಗಿನ ಮೆಟ್ಟಿಲು ಫಾರೆಸ್ಟ್ ವಾಚರ್, ಇದಕ್ಕೆ ಎಸ್.ಎಸ್.ಎಲ್.ಸಿ. ಸಾಕು. ಅದರ ಮೇಲೆ ಗಾರ್ಡ್. ಇದಕ್ಕೆ ಪ್ಲಸ್ ಟುವಿನಲ್ಲಿ ವಿಜ್ಞಾನದ ವಿಷಯ ಓದಿರಬೇಕು. ತಮಿಳುನಾಡಿನಲ್ಲಿ ಈ ಎರಡೂ ಕೆಲಸಗಳನ್ನು 2024ರಿಂದ ಟಿ.ಎನ್.ಪಿ.ಎಸ್.ಸಿ.ಯ ಗ್ರೂಪ್ 4 ಪರೀಕ್ಷೆಯೊಳಗೆ ಸೇರಿಸಿದ್ದಾರೆ. ಕಳ್ಳಬೇಟೆ ತಡೆಯಲು ಊರಿನವರನ್ನು ಹಂಗಾಮಿಯಾಗಿ ತೆಗೆದುಕೊಳ್ಳುವುದು ಬೇರೆ. ಅದು ಖಾಯಂ ನೌಕರಿಯಲ್ಲ.

ರೇಂಜರ್, ಎ.ಸಿ.ಎಫ್. ಆಗಲು ಪದವಿ ಬೇಕು. ಮೆಟ್ಟುಪಾಳ್ಯದ ಅರಣ್ಯ ಕಾಲೇಜಿನಲ್ಲಿ ಬಿ.ಎಸ್ಸಿ. ಫಾರೆಸ್ಟ್ರಿ ಇದೆ. ಎಲ್ಲಕ್ಕಿಂತ ಮೇಲಿನದು ಐ.ಎಫ್.ಎಸ್. ಇದನ್ನು ಯು.ಪಿ.ಎಸ್.ಸಿ. ನಡೆಸುತ್ತದೆ. ಕೃಷಿ, ಅರಣ್ಯ, ಪಶುವೈದ್ಯ, ಇಂಜಿನಿಯರಿಂಗ್ ಪದವಿಯವರೂ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಗಣಿತದಂಥ ವಿಷಯ ಓದಿ ಪದವಿ ಪಡೆದವರೂ ಬರೆಯಬಹುದು. ಆಯ್ಕೆಯಾದವರಿಗೆ ಡೆಹರಾಡೂನಿನಲ್ಲಿ ತರಬೇತಿ.

ಆದ್ದರಿಂದ ತೀರ್ಮಾನ ಹತ್ತನೇ ತರಗತಿ ಮುಗಿದಾಗಲೇ ಆಗಬೇಕು. ಸುಲಭವೆಂದು ವಿಜ್ಞಾನ ಬಿಟ್ಟರೆ ಗಾರ್ಡ್ ಕೆಲಸದ ಬಾಗಿಲೇ ಮುಚ್ಚಿಹೋಗುತ್ತದೆ.

ಭಾಷೆಯ ತೊಡಕು

ನಮ್ಮವರು ಸೋಲುವುದು ಇಲ್ಲಿಯೇ ಹೆಚ್ಚು. 2021ರ ಆದೇಶದಂತೆ ರಾಜ್ಯದ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಕಡ್ಡಾಯ. ಗ್ರೂಪ್ 4ರಲ್ಲಿ ತಮಿಳಿನ ಭಾಗಕ್ಕೆ 150 ಅಂಕ. ಕನಿಷ್ಠ 60 ಬರದಿದ್ದರೆ ಉಳಿದ ಉತ್ತರಗಳನ್ನು ನೋಡುವುದೇ ಇಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ನಮ್ಮ ಮಕ್ಕಳು ಸರಾಗವಾಗಿ ತಮಿಳು ಆಡುತ್ತಾರೆ. ಆದರೆ ಓದು, ವ್ಯಾಕರಣ ಎಂದರೆ ತಡವರಿಸುತ್ತಾರೆ. ಪ್ರಶ್ನೆಗಳು ಹತ್ತನೇ ತರಗತಿಯ ಮಟ್ಟದವು. ಆರರಿಂದ ಹತ್ತರವರೆಗಿನ ತಮಿಳು ಪಠ್ಯಗಳನ್ನು ದಿನಕ್ಕೆ ಒಂದು ಗಂಟೆಯಂತೆ ಒಂದು ವರ್ಷ ಓದಿದರೆ ಈ ಗೋಡೆ ದಾಟಬಹುದು. ಕನ್ನಡ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮನೆಯ ಭಾಷೆ ಮನೆಯಲ್ಲಿರಲಿ, ಅನ್ನದ ಭಾಷೆಯೂ ಕೈಗೆ ಬರಲಿ.

ಕಾಲಿಗೆ ಕಸುವು

ಐ.ಎಫ್.ಎಸ್.ಗೆ ಗಂಡಸರು 25, ಹೆಂಗಸರು 14 ಕಿಲೋಮೀಟರನ್ನು 4 ಗಂಟೆಯೊಳಗೆ ನಡೆದು ಮುಗಿಸಬೇಕು. ಗಾರ್ಡ್ ಕೆಲಸಕ್ಕೂ ಉದ್ದದ ನಡಿಗೆಯ ಪರೀಕ್ಷೆಯುಂಟು. ಸಾಮಾನ್ಯ ನಡಿಗೆಯಲ್ಲಿ ಗಂಟೆಗೆ 5 ಕಿಲೋಮೀಟರಾದರೆ 25ಕ್ಕೆ 5 ಗಂಟೆ ಹಿಡಿಯುತ್ತದೆ. ಆದ್ದರಿಂದ ಪರೀಕ್ಷೆಗೆ ವಾರವಿರುವಾಗ ಓಡಾಡಿ ಫಲವಿಲ್ಲ. ಆರು ತಿಂಗಳ ಮುಂಚೆ ದಿನಕ್ಕೆ 5 ಕಿಲೋಮೀಟರಿನಿಂದ ಆರಂಭಿಸಿ, ಮೆಲ್ಲಗೆ ಏರಿಸಿ. ಹೊಸ ಬೂಟು ಹಾಕಿಕೊಂಡು ಪರೀಕ್ಷೆಗೆ ಹೋಗಬೇಡಿ. ಬೊಕ್ಕೆ ಬಂದರೆ ಅಲ್ಲಿಗೇ ಮುಗಿಯಿತು. ಹೆಣ್ಣುಮಕ್ಕಳು ಮೊದಲು ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ರಕ್ತಹೀನತೆಯಿದ್ದರೆ ಏದುಸಿರು ಬರುತ್ತದೆ, ಕಾಲು ಸೋಲುತ್ತದೆ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯ ಜೊತೆಗೆ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ ಕಾಳು ಇರಲಿ. ಕಣ್ಣನ್ನೂ ಮೊದಲೇ ತೋರಿಸಿಕೊಳ್ಳುವುದು ಒಳ್ಳೆಯದು.

ಒಂದು ಮಾತು ಮುಚ್ಚಿಡಬಾರದು. ಇದು ನೆರಳಲ್ಲಿ ಕೂರುವ ಕೆಲಸವಲ್ಲ. ರಾತ್ರಿ ಗಸ್ತು, ಬೇಸಿಗೆಯಲ್ಲಿ ಕಾಡ್ಗಿಚ್ಚು, ಮನೆಯಿಂದ ದೂರದ ಕ್ಯಾಂಪು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ಬೇಲಿಗೆ ನೇರ ಕರೆಂಟು ಕೊಟ್ಟು ಆನೆ ಸತ್ತರೆ, ಬೇಲಿ ಹಾಕಿದವರು ಸ್ವಂತ ಚಿಕ್ಕಪ್ಪನಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕೇಸು ಬರೆಯಬೇಕಾಗುತ್ತದೆ. ಆ ಗಟ್ಟಿತನ ಇಲ್ಲದವರು ಈ ದಾರಿಗೆ ಬಾರದಿರುವುದೇ ಲೇಸು.

ಆದರೆ ಬಂದವರು ಎರಡು ಕಡೆಯ ನೋವನ್ನೂ ಬಲ್ಲವರಾಗಿರುತ್ತಾರೆ. ತುಳಿದ ಬೆಳೆಯನ್ನು ಅಳೆದು ಪರಿಹಾರಕ್ಕೆ ಬರೆಯುವಾಗ, ಒಂದು ಎಕರೆ ಬಾಳೆಯ ಹಿಂದೆ ಎಷ್ಟು ಬೆವರಿದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಗನೋ ಮಗಳೋ ಇದ್ದರೆ ಇಂದು ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆಯಿರಿ.