ನಾಲಿಗೆಯ ನ್ಯಾಯ, ನಾಲಿಗೆಯ ಮಿತಿ

ಕಣ್ಣಿನ ಕೆಲಸ ಬಲ್ಲವನನ್ನು ಲೋಕವು ಚಿತ್ರಕಾರನೆಂದು ಗೌರವಿಸುತ್ತದೆ. ಕಿವಿಯ ಕೆಲಸ ಬಲ್ಲವನನ್ನು ಸಂಗೀತಗಾರನೆಂದು ಕೊಂಡಾಡುತ್ತದೆ. ನಾಲಿಗೆಯ ಕೆಲಸ ಬಲ್ಲವನನ್ನು ಮಾತ್ರ ತಿಂಡಿಪೋತನೆಂದು ಕರೆದು ನಗುತ್ತದೆ. ಆದರೆ ನಮ್ಮ ಹೋಟೆಲುಗಳ ಅಡಿಗೆಮನೆಯನ್ನು ಬಲ್ಲವರು ಹಾಗೆ ನಗಲಾರರು. ಇಡ್ಲಿಯ ಹಿಟ್ಟು ಎಷ್ಟು ಹುದುಗಿದೆ, ಇನ್ನೆಷ್ಟು ಹೊತ್ತು ತಡೆಯಬೇಕು, ಯಾವ ಗಳಿಗೆಗೆ ಹುಳಿ ಮಿತಿಮೀರುವುದು ಎಂಬುದನ್ನು ಪಾತ್ರೆಯ ಮುಚ್ಚಳ ತೆಗೆದ ಮಾತ್ರಕ್ಕೆ ಹೇಳಬಲ್ಲ ಭಟ್ಟರು ಅಹಮದಾಬಾದು, ವಡೋದರಾ, ಸೂರತ್ತುಗಳ ಎಷ್ಟೋ ಹೋಟೆಲುಗಳಲ್ಲಿ ಇದ್ದಾರೆ. ಅವರಿಗೆ ಇದನ್ನು ಕಲಿಸಿದ ಶಾಲೆಯಿಲ್ಲ. ಅವರ ವಿದ್ಯೆಗೆ ಪ್ರಶಸ್ತಿಪತ್ರವೂ ಇಲ್ಲ.

ಇದೇ ವಿದ್ಯೆ ಪಶ್ಚಿಮದ ದೇಶಗಳಲ್ಲಿ ಒಂದು ವೃತ್ತಿಯಾಗಿ ಬೆಳೆದಿದೆ. ಅಲ್ಲಿ ಬಿಯರನ್ನೂ ದ್ರಾಕ್ಷಿಯ ವೈನನ್ನೂ ರುಚಿ ನೋಡಿ ಅಂಕ ಕೊಡುವವರಿದ್ದಾರೆ. ಅವರು ಕೊಟ್ಟ ಅಂಕವನ್ನು ನೋಡಿ ವ್ಯಾಪಾರಿ ಸರಕು ಕೊಳ್ಳುತ್ತಾನೆ, ರೈತ ಬಳ್ಳಿ ನೆಡುತ್ತಾನೆ. ಪಾನನಿಷೇಧವಿರುವ ಗುಜರಾತಿನಲ್ಲಿ ಕುಳಿತು ಈ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣ ಎರಡಿದೆ. ಆ ವಿದ್ಯೆಯ ಶಿಸ್ತಿನಿಂದ ನಾವು ಕಲಿಯತಕ್ಕದ್ದು ಒಂದಿದೆ; ಆ ವಿದ್ಯೆಯ ಮಿತಿಯನ್ನು ಅರಿಯದಿದ್ದರೆ ನಾವು ಕಳೆದುಕೊಳ್ಳಬಹುದಾದದ್ದು ಇನ್ನೂ ದೊಡ್ಡದಿದೆ.

ಕೆನಡಾ ದೇಶದ ಉದಾಹರಣೆಯನ್ನೇ ನೋಡೋಣ. ಬಿಯರೆಂಬುದು ಮೊಳಕೆ ಬರಿಸಿದ ಬಾರ್ಲಿ, ಹಾಪ್ಸ್ ಎಂಬ ಕಹಿಹೂವು, ಯೀಸ್ಟ್ ಮತ್ತು ನೀರು ಇವುಗಳಿಂದಾದ ಪಾನೀಯ. ಆ ದೇಶದಲ್ಲಿ ಇದರ ಇತಿಹಾಸ ಹಳೆಯದು. ಮಾಂಟ್ರಿಯಲ್ ನಗರದಲ್ಲಿ ಜಾನ್ ಮೋಲ್ಸನ್ ಎಂಬಾತನು 1786ರಲ್ಲಿ ಆರಂಭಿಸಿದ ಕಾರ್ಖಾನೆಯ ಹೆಸರು ಇಂದಿಗೂ ಉಳಿದಿದೆ. ಕಾಲಕ್ರಮದಲ್ಲಿ ದೊಡ್ಡ ಕಂಪನಿಗಳು ಚಿಕ್ಕವುಗಳನ್ನು ನುಂಗಿ, ದೇಶದ ತುಂಬ ಒಂದೇ ಬಗೆಯ ಬಿಯರು ಹರಿಯತೊಡಗಿತು. 1980ರ ದಶಕದ ಆರಂಭದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದಿಂದ ಮೊದಲ್ಗೊಂಡು ಕೆಲವರು ಸಣ್ಣ ಸಣ್ಣ ಭಟ್ಟಿಗಳನ್ನು ಕಟ್ಟಿ, ಊರಿಗೊಂದು ರುಚಿಯ ಬಿಯರನ್ನು ಕೈಯಾರೆ ತಯಾರಿಸಲು ಹೊರಟರು. ದೊಡ್ಡ ಯಂತ್ರಸ್ಥಾವರಗಳ ಎದುರಿಗೆ ಚಿಕ್ಕ ಕುಶಲಕರ್ಮಿಗಳು ನಿಲ್ಲಬೇಕಾದರೆ ಅವರಿಗಿದ್ದ ಬಲ ಒಂದೇ: ಬಲ್ಲವರ ನಾಲಿಗೆಯ ಸಾಕ್ಷ್ಯ.

ವೈನಿನ ಕಥೆಯೂ ಹೀಗೆಯೇ. ಹಿಮ ಸುರಿಯುವ ದೇಶದಲ್ಲಿ ಒಳ್ಳೆಯ ದ್ರಾಕ್ಷಾರಸವಾಗದೆಂದು ಯೂರೋಪಿನವರು ನಂಬಿದ್ದರು. ಕೆನಡಾದವರು ಆ ಹಿಮವನ್ನೇ ಬಂಡವಾಳ ಮಾಡಿಕೊಂಡರು. ದ್ರಾಕ್ಷಿಯನ್ನು ಕೊಯ್ಯದೆ ಬಳ್ಳಿಯಲ್ಲೇ ಬಿಟ್ಟು, ಚಳಿಗಾಲದಲ್ಲಿ ಉಷ್ಣಮಾನ ಸೊನ್ನೆಗಿಂತ 8 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ಮೇಲೆ ಕಿತ್ತು ಹಿಂಡುತ್ತಾರೆ. ನೀರಿನಂಶ ಹರಳಾಗಿ ಹಿಂದೆ ಉಳಿಯುತ್ತದೆ. ಜೇನಿನಂತಹ ಗಟ್ಟಿರಸ ಮಾತ್ರ ಹೊರಬರುತ್ತದೆ. ಒಂಟಾರಿಯೋ ಪ್ರಾಂತದ ಇನ್ನಿಸ್ಕಿಲಿನ್ ಸಂಸ್ಥೆಯು 1989ರ ಬೆಳೆಯಿಂದ ತಯಾರಿಸಿದ ಇಂತಹ ಹಿಮದ್ರಾಕ್ಷಾರಸವು 1991ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮೇಳದಲ್ಲಿ ಪರಮ ಗೌರವದ ಬಹುಮಾನವನ್ನು ಪಡೆಯಿತು. ಅಂದಿನಿಂದ ಕೆನಡಾದ ವೈನು ಜಗತ್ತಿನ ಗಣನೆಗೆ ಬಂತು. ಒಂಟಾರಿಯೋದಲ್ಲಿ ಗುಣಮುದ್ರೆಯನ್ನು ಪಡೆಯಬೇಕಾದರೆ ದ್ರಾಕ್ಷಿಯ ಮೂಲವನ್ನು ತೋರಿಸಬೇಕು, ಪ್ರಯೋಗಶಾಲೆಯ ಪರೀಕ್ಷೆಯಾಗಬೇಕು, ಬಳಿಕ ರುಚಿ ಬಲ್ಲವರ ಮಂಡಳಿಯ ಮುಂದೆಯೂ ತೇರ್ಗಡೆಯಾಗಬೇಕು. ಪ್ರಯೋಗಶಾಲೆಯೂ ಇದೆ, ನಾಲಿಗೆಯೂ ಇದೆ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಂಕ ಕೊಡುವ ಕ್ರಮವೂ ತಿಳಿಯತಕ್ಕದ್ದೇ. ಬಿಯರಿನ ತೀರ್ಪುಗಾರರು ಬಳಸುವ ಒಂದು ಪ್ರಸಿದ್ಧ ಪದ್ಧತಿಯಲ್ಲಿ ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ತುಂಬಿಕೊಳ್ಳುವ ಗುಣಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ನೋಟಕ್ಕೆ ಕೇವಲ ಮೂರೇ ಅಂಕವೆಂಬುದನ್ನು ಗಮನಿಸಿರಿ. ಥಳಕಿಗೆ ಬೆಲೆಯಿಲ್ಲ, ಮೂಗು ಮತ್ತು ನಾಲಿಗೆಗಳೇ ಪ್ರಧಾನ. ಲೋಟಗಳೆಲ್ಲ ಒಂದೇ ಆಕಾರದವು, ಸುರಿದ ಪ್ರಮಾಣವೂ ಒಂದೇ, ಸೀಸೆಯ ಹೆಸರು ಮರೆಯಲ್ಲಿರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ನೀರಿನಿಂದ ಬಾಯಿ ಮುಕ್ಕಳಿಸುತ್ತಾರೆ. ವೈನಿನ ಪರೀಕ್ಷಕರಂತೂ ಬಾಯಿಗೆ ತೆಗೆದುಕೊಂಡದ್ದನ್ನು ನುಂಗದೆ ಉಗುಳಿಬಿಡುತ್ತಾರೆ. ಕುಡಿತವೇ ಬೇರೆ, ಪರೀಕ್ಷೆಯೇ ಬೇರೆ.

ಇಷ್ಟು ಶಿಸ್ತಿದ್ದರೂ ನಾಲಿಗೆ ಮೋಸಹೋಗದೆ ಇಲ್ಲ. ಬೋರ್ಡೋ ನಗರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು; ಕಣ್ಣು ಮೂಗಿನ ಬಾಯಿ ಮುಚ್ಚಿಸಿತು. ಅಮೇರಿಕಾದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬವರು, ಸ್ಪರ್ಧೆಯ ತೀರ್ಪುಗಾರರಿಗೆ ತಿಳಿಯದಂತೆ ಒಂದೇ ಸೀಸೆಯ ವೈನನ್ನು ಮೂರು ಸಲ ಕೊಟ್ಟು ಪರೀಕ್ಷಿಸಿ, ಫಲವನ್ನು 2008ರಲ್ಲಿ ಪ್ರಕಟಿಸಿದರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ಇದರಿಂದ ವಿದ್ಯೆಯೇ ಸುಳ್ಳೆಂದಾಗುವುದಿಲ್ಲ. ಒಬ್ಬನ ನಾಲಿಗೆಯನ್ನೇ ನೆಚ್ಚಬಾರದು, ಹಲವರು ಕೂಡಿ, ಹೆಸರು ಮರೆಮಾಡಿ ನೋಡಬೇಕು ಎಂದಾಗುತ್ತದೆ.

ನಮ್ಮ ಕರ್ನಾಟಕವೂ ಈ ಉದ್ಯಮದಲ್ಲಿ ಹಿಂದೆ ಬಿದ್ದಿಲ್ಲ. ನಂದಿಬೆಟ್ಟದ ಸುತ್ತಣ ದ್ರಾಕ್ಷಿ ಪ್ರಸಿದ್ಧವಾದುದು. ಅಲ್ಲಿ ವೈನಿನ ತೋಟಗಳೂ ಇವೆ. 2007ರಲ್ಲಿ ರಾಜ್ಯ ಸರಕಾರವು ದ್ರಾಕ್ಷಾರಸ ನೀತಿಯನ್ನೇ ಪ್ರಕಟಿಸಿತು. ಬೆಂಗಳೂರಿನಲ್ಲಿ 2010ರ ಸುಮಾರಿಗೆ ತಲೆಯೆತ್ತಿದ ಚಿಕ್ಕ ಬಿಯರು ಭಟ್ಟಿಗಳಲ್ಲಿ ನಮ್ಮ ಎಷ್ಟೋ ಯುವಕರಿಗೆ ಕೆಲಸ ದೊರೆತಿದೆ. ಅದು ಅಲ್ಲಿಯ ಮಾತು. ನಾವಿರುವ ನೆಲದ ಕಾನೂನು ಬೇರೆ. ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಆದ ಪಾನನಿಷೇಧದ ಶಾಸನವನ್ನು, 1960ರ ಮೇ 1ರಂದು ಪ್ರತ್ಯೇಕವಾದ ಗುಜರಾತು ರಾಜ್ಯವು ಕೈಬಿಡದೆ ಉಳಿಸಿಕೊಂಡಿದೆ. ಆರೋಗ್ಯದ ಕಾರಣಕ್ಕೆ ಪರವಾನಗಿ ಪಡೆದವರಿಗೆ, ಹೊರಗಿನಿಂದ ಬಂದ ಪ್ರವಾಸಿಗಳಿಗೆ ಕೆಲವು ವಿನಾಯಿತಿಗಳಿವೆ. ಗಾಂಧಿನಗರದ ಬಳಿಯ ಗಿಫ್ಟ್ ಸಿಟಿಯಲ್ಲಿ 2023ರ ಡಿಸೆಂಬರಿನಲ್ಲಿ ಸ್ವಲ್ಪ ಸಡಿಲಿಕೆಯಾಗಿದೆ. ಮಿಕ್ಕವರಿಗೆ ಇಟ್ಟುಕೊಂಡರೂ ಅಪರಾಧ, ಕುಡಿದರೂ ಅಪರಾಧ. ಹೊಟ್ಟೆಪಾಡಿಗಾಗಿ ದೂರ ಬಂದ ಮಾಣಿಗೂ ಗುಮಾಸ್ತನಿಗೂ ಒಂದು ಮೊಕದ್ದಮೆ ಸಾಕು, ಕೆಲಸವೂ ಮಾನವೂ ಒಟ್ಟಿಗೆ ಹೋಗಲು.

ಹಾಗಾದರೆ ಈ ರುಚಿಪರೀಕ್ಷೆಯ ವಿದ್ಯೆ ನಮಗೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ನಮ್ಮ ಕೈಯಲ್ಲೇ ಇರುವ ಕಾಫಿಗೆ ಇದೇ ಶಾಸ್ತ್ರವಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಕರ್ನಾಟಕದ್ದು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಪ್ರಯೋಗಕೇಂದ್ರವೇ ಇಂದು ದೇಶದ ಕೇಂದ್ರ ಕಾಫಿ ಸಂಶೋಧನಾಲಯವಾಗಿ ಬೆಳೆದಿದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಕಾಫಿಯ ಪರೀಕ್ಷಕರಲ್ಲಿ ಬಹುಕಾಲ ನಡೆದುಬಂದ ಪದ್ಧತಿಯೂ ನೂರು ಅಂಕದ್ದು. 80ಕ್ಕೆ ಮೇಲ್ಪಟ್ಟದ್ದು ವಿಶೇಷ ದರ್ಜೆ. ಹೊಸದಾಗಿ ಪುಡಿಮಾಡಿದ ಕಾಫಿಯನ್ನು ಎಂಟೂಕಾಲು ಗ್ರಾಮಿನಷ್ಟು ತೂಗಿ, 150 ಮಿಲಿಲೀಟರು ಬಿಸಿನೀರು ಹೊಯ್ದು, ಸುಮಾರು ನಾಲ್ಕು ನಿಮಿಷದ ಮೇಲೆ ಮೇಲುಗಡೆಯ ಪದರವನ್ನು ಚಮಚೆಯಿಂದ ಒಡೆದು ಮೂಸಬೇಕು. ತಣಿಯುತ್ತ ಬಂದಂತೆ ಸೊರ್ರೆಂದು ಸದ್ದುಮಾಡಿ ಹೀರಬೇಕು. ಆ ಸದ್ದಿಗೂ ಅರ್ಥವಿದೆ: ರಸವು ತುಂತುರಾಗಿ ಬಾಯಿಯೆಲ್ಲ ಹರಡಿ, ಅದರ ಪರಿಮಳ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ.

ಹೋಟೆಲಿನಲ್ಲಿ ದುಡಿಯುವವನು ಇದನ್ನು ಬಿಡುವಿನ ವೇಳೆಯಲ್ಲಿ ನಾಲ್ಕು ಲೋಟಗಳಿಂದಲೇ ಕಲಿಯಬಹುದು. ಒಂದರಲ್ಲಿ ಶುದ್ಧ ಕಾಫಿ, ಇನ್ನೊಂದರಲ್ಲಿ ಚಿಕೋರಿ ಬೆರೆತದ್ದು, ಮತ್ತೊಂದರಲ್ಲಿ ಹಳಸಿದ ಪುಡಿಯದು, ಕೊನೆಯದರಲ್ಲಿ ಮತ್ತೆ ಕಾಸಿದ ಡಿಕಾಕ್ಷನ್ನು. ಗೆಳೆಯನೊಬ್ಬನು ಲೋಟಗಳ ಅಡಿಯಲ್ಲಿ ಗುರುತು ಹಾಕಿ ಸ್ಥಾನ ಬದಲಿಸಲಿ. ಮೂರು ದಿನ ಒಂದೇ ಉತ್ತರ ಬಂದರೆ ಆ ನಾಲಿಗೆಗೆ ಬೆಲೆಯಿದೆ. ಪುಡಿ ಮಾರುವವನ ಮಾತಿಗೆ ಮರುಳಾಗದೆ ಸರಕು ಆರಿಸಬಲ್ಲ ಕೆಲಸಗಾರನಿಗೆ ಮಾಲಿಕನೂ ನಾಲ್ಕು ಕಾಸು ಹೆಚ್ಚು ಕೊಡಬೇಕಾಗುತ್ತದೆ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿ ಅವುಗಳನ್ನು ಕೈಗೆ ತೆಗೆದುಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಕಾಫಿ ಬಲ್ಲ ಕೆಲಸಗಾರನು ಯಾರಿಗೂ ಕಡಿಮೆಯವನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ನಾಲಿಗೆಯ ಮಿತಿಯ ವಿಚಾರ. ಇದು ಪ್ರಾಣದ ಪ್ರಶ್ನೆ.

ವಡೋದರಾದ ಸಮೀಪದ ಕೊಯಾಲಿಯಲ್ಲಿ, ಸೋವಿಯತ್ ದೇಶದ ನೆರವಿನಿಂದ 1965ರಲ್ಲಿ ಕೆಲಸ ಆರಂಭಿಸಿದ ತೈಲಶುದ್ಧಿ ಕಾರ್ಖಾನೆಯಿದೆ. ಕಚ್ಚಾ ತೈಲವನ್ನು ಕಾಸಿ, ಯಾವ ಅಂಶ ಯಾವ ಉಷ್ಣಮಾನಕ್ಕೆ ಆವಿಯಾಗುವುದೋ ಅದಕ್ಕನುಗುಣವಾಗಿ ಬೇರೆ ಬೇರೆ ಮಾಡುವುದು ಅಲ್ಲಿಯ ಮೂಲ ಕಾರ್ಯ. ಅಂಶಗಳ ಶುದ್ಧಿಯನ್ನು ನಿರ್ಣಯಿಸಲು ಉಪಕರಣಗಳಿವೆ, ಪ್ರಯೋಗಶಾಲೆಯಿದೆ. ಯಾರೂ ನೆಕ್ಕಿ ನೋಡುವುದಿಲ್ಲ. ಕುಡಿಯುವ ಮದ್ಯದಲ್ಲಿರುವ ಸಾರಕ್ಕೆ ಎಥನಾಲ್ ಎಂದು ಹೆಸರು. ಅದು 78 ಡಿಗ್ರಿಗೆ ಕುದಿಯುತ್ತದೆ. ಕಾರ್ಖಾನೆಗಳ ಕೆಲಸಕ್ಕೆ ಬಳಸುವ ಮೆಥನಾಲ್ ಸುಮಾರು 65 ಡಿಗ್ರಿಗೆ ಕುದಿಯುತ್ತದೆ. ಉಪಕರಣಕ್ಕೆ ಇವೆರಡರ ಭೇದ ಸ್ಪಷ್ಟ. ನಾಲಿಗೆಗೆ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ ಘಾಟು, ಒಂದೇ ಉರಿ. ಆದರೆ ಮೊದಲನೆಯದು ಅಮಲು, ಎರಡನೆಯದು ವಿಷ.

ಈ ಭೇದ ತಿಳಿಯದ್ದರಿಂದ 2009ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ನೂರಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. 2022ರ ಜುಲೈಯಲ್ಲಿ ಬೋಟಾದ ಮತ್ತು ಅಹಮದಾಬಾದು ಜಿಲ್ಲೆಗಳ ಹಳ್ಳಿಗಳಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅಲ್ಲಿ ಜನ ಕುಡಿದದ್ದು ಕಾರ್ಖಾನೆಯಿಂದ ಕದ್ದು ತಂದ ಮೆಥನಾಲನ್ನು. ಇದು ಪಾನನಿಷೇಧದ ನಾಡಿನ ಪಾಡು ಮಾತ್ರವೆಂದು ಯಾರೂ ತಿಳಿಯಬಾರದು. ಮದ್ಯಕ್ಕೆ ಅಂಗಡಿಗಳಿದ್ದ ಬೆಂಗಳೂರಿನಲ್ಲೂ 1981ರ ಜುಲೈಯಲ್ಲಿ ಕಳ್ಳಸಾರಾಯಿಯು ಮುನ್ನೂರಕ್ಕೂ ಹೆಚ್ಚು ಜೀವಗಳನ್ನು ತೆಗೆಯಿತು. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯ ಬಡವರು. ಅಂಕ ಹಾಕಿದ ಸೀಸೆ ಸಿರಿವಂತನಿಗೆ. ಹೆಸರಿಲ್ಲದ ಪೊಟ್ಟಣ ಬಡವನಿಗೆ.

ಮೆಥನಾಲಿನ ಕ್ರೌರ್ಯವಿರುವುದು ಅದರ ನಿಧಾನದಲ್ಲಿ. ಕುಡಿದ ಕೂಡಲೆ ಸಾಧಾರಣ ಅಮಲಿಗಿಂತ ಹೆಚ್ಚೇನೂ ಕಾಣುವುದಿಲ್ಲ. ದೇಹವು ಅದನ್ನು ಮೆಲ್ಲಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ; ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಬಳಿಕ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣಿನ ಮುಂದೆ ಮಂಜು ಕವಿದಂತಾಗುವುದು ಇವು ತೋರುತ್ತವೆ. ಕೇವಲ ಹತ್ತು ಮಿಲಿಲೀಟರಿನಷ್ಟು ಸಾಕು, ಕಣ್ಣು ಹೋಗಬಹುದು. ಆದಕಾರಣ “ನಿನ್ನೆ ರಾತ್ರಿ ಅವನು ಕುಡಿದ, ಅವನಿಗೇನೂ ಆಗಲಿಲ್ಲ” ಎಂಬ ಸಮಾಧಾನ ನಂಬತಕ್ಕದ್ದಲ್ಲ. ಬೆಂಕಿ ಹೊತ್ತಿಸಿ ಬಣ್ಣ ನೋಡುವ ಪರೀಕ್ಷೆಯೂ ನಂಬತಕ್ಕದ್ದಲ್ಲ. ಮಜ್ಜಿಗೆ, ನಿಂಬೆಹಣ್ಣು, ನಿದ್ದೆ ಇವು ಯಾವುವೂ ಇದಕ್ಕೆ ಮದ್ದಲ್ಲ. ಮದ್ದು ಇರುವುದು ಆಸ್ಪತ್ರೆಯಲ್ಲಿ: ಮೆಥನಾಲು ವಿಷವಾಗಿ ಮಾರ್ಪಡುವುದನ್ನು ತಡೆಯುವ ಔಷಧಿಗಳಿವೆ, ರಕ್ತವನ್ನು ಶುದ್ಧಿಗೊಳಿಸುವ ಯಂತ್ರವಿದೆ. ಹೊತ್ತು ಮೀರುವುದರೊಳಗೆ ತಲಪಿದವನು ಉಳಿಯುತ್ತಾನೆ.

ಆದರೆ ಹೊತ್ತು ಮೀರುವುದು ಬಹುಮಟ್ಟಿಗೆ ಹೆದರಿಕೆಯಿಂದ. ಪೋಲೀಸರಿಗೆ ತಿಳಿದೀತು, ಮಾಲಿಕನು ಹೊರಗೆ ಹಾಕಿಯಾನು, ಊರಿನಲ್ಲಿ ಸುದ್ದಿಯಾದೀತು ಎಂದು ಕೋಣೆಯೊಳಗೆ ಕಂಬಳಿ ಹೊದ್ದು ಮಲಗಿದವನು ಬೆಳಗಾಗುವಷ್ಟರಲ್ಲಿ ಕುರುಡನಾಗಿರುತ್ತಾನೆ ಅಥವಾ ಹೆಣವಾಗಿರುತ್ತಾನೆ. ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಕೂಡಿ ಬಾಳುವ ನಮ್ಮ ಹುಡುಗರು ಇದನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಬೇಕು. ಜೊತೆಯವನು ಕಣ್ಣು ಮಂಜೆಂದರೆ ಅವನನ್ನು ಬೈಯುವುದನ್ನು ನಾಳೆಗೆ ಬಿಡಿರಿ. ಆ ಕ್ಷಣವೇ 108ಕ್ಕೆ ಕರೆ ಮಾಡಿರಿ. ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿರಿ. ಮೊಕದ್ದಮೆಯಾದರೆ ವಕೀಲನುಂಟು, ಕೆಲಸ ಹೋದರೆ ಇನ್ನೊಂದು ಹೋಟೆಲುಂಟು. ಊರಿನಲ್ಲಿ ಮನಿಯಾರ್ಡರಿಗಾಗಿ ಕಾದು ಕುಳಿತ ತಾಯಿಗೆ ಇನ್ನೊಬ್ಬ ಮಗನಿಲ್ಲ.

ನಾಲಿಗೆಯು ಒಳ್ಳೆಯ ನ್ಯಾಯಾಧೀಶ. ಆದರೆ ಅದರ ಅಧಿಕಾರ ಗುಣದ ಮೇಲೆ ಮಾತ್ರ, ವಿಷದ ಮೇಲಿಲ್ಲ. ಮೂಲ ತಿಳಿದ, ಪ್ರಯೋಗಶಾಲೆಯಲ್ಲಿ ತೇರ್ಗಡೆಯಾದ ವಸ್ತುವನ್ನು ಮಾತ್ರ ಕೆನಡಾದ ಪರೀಕ್ಷಕರು ತಮ್ಮ ನಾಲಿಗೆಯ ಮುದ್ರೆಗೆ ಅರ್ಹವೆಂದು ಎಣಿಸುತ್ತಾರೆ. ತುಟಿಗೆ ಸೋಕಿಸುವ ಮೊದಲೇ ಅದು ವಿಷವಲ್ಲವೆಂಬ ಭರವಸೆ ಅವರಿಗಿರುತ್ತದೆ. ಅಂತಹ ಭರವಸೆಯಿಲ್ಲದ ಪೊಟ್ಟಣವನ್ನು ರುಚಿನೋಡಲೂ ಕೂಡದು. ನಮ್ಮ ನಾಲಿಗೆಯ ಜಾಣ್ಮೆಯನ್ನು ತೋರಿಸಲು ಮಲೆನಾಡಿನ ಕಾಫಿಯುಂಟು, ಹುದುಗಿದ ಹಿಟ್ಟುಂಟು, ಕುದಿಯುವ ಸಾರುಂಟು. ಆ ಜಾಣ್ಮೆಗೆ ಬೆಲೆ ಕೇಳಿ ಪಡೆಯುವುದನ್ನು ನಮ್ಮವರು ಕಲಿಯಲಿ.