ಎಣ್ಣೆ ಕುಡಿಯುವುದು ಎಂಜಿನ್ನೋ, ದೋಣಿಯೋ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ದಡ ಸೇರಿರುತ್ತವೆ. ಆಗ ಕಡಲಿಗಿಳಿಯುವ ವಿನಾಯಿತಿ ಇರುವುದು ಸಾಂಪ್ರದಾಯಿಕ ದೋಣಿಗಳಿಗೆ, 10 ಅಶ್ವಶಕ್ತಿವರೆಗಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಕಡೆ ಆ ದಿನಗಳ ಮೀನಿನ ಲೆಕ್ಕ ಶುರುವಾಗುವುದೇ ಎಣ್ಣೆಯ ಲೆಕ್ಕದಿಂದ. ತೆಲಂಗಾಣದ ಕಲ್ಹೇರ್ ಪಕ್ಕದ ನಿಜಾಂಸಾಗರ ಜಲಾಶಯದಲ್ಲಿ ಹುಟ್ಟು ಹಾಕುವ ತೆಪ್ಪಕ್ಕೆ ಈ ಚಿಂತೆ ಇಲ್ಲ. ಮೋಟಾರು ಕಟ್ಟಿದ ದಿನ ಚಿಂತೆ ಅಲ್ಲಿಗೂ ಬರುತ್ತದೆ. ಎಣ್ಣೆ ಉಳಿಸುವ ಬಗ್ಗೆ ದಡದಲ್ಲಿ ಓಡಾಡುವ ಮಾತುಗಳಲ್ಲಿ ಯಾವುದು ನಿಜ?

ತಪ್ಪು ಕಲ್ಪನೆ: ಬೇಗ ಹೋಗಿ ಬೇಗ ಬಂದರೆ ಎಂಜಿನ್ ಕಡಿಮೆ ಹೊತ್ತು ಓಡುತ್ತದೆ, ಎಣ್ಣೆ ಉಳಿಯುತ್ತದೆ.

ಸತ್ಯ: ಉಳಿಯುವುದು ಹೊತ್ತು ಮಾತ್ರ. ಬಲೆ, ಮೀನು, ಜನ ಹೊತ್ತು ನೀರನ್ನು ಸೀಳುತ್ತ ಸಾಗುವ ದೋಣಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಶೇ 10ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಶೇ 27ರಷ್ಟು ಇಳಿಯುತ್ತದೆ. ದಾರಿ ಹೆಚ್ಚು ಹೊತ್ತು ಹಿಡಿಯುವುದನ್ನು ಕಳೆದರೂ ಅದೇ ದೂರಕ್ಕೆ ಶೇ 20ರ ಹತ್ತಿರ ಉಳಿತಾಯ. ಒಂದು ಗಂಟೆಯ ದಾರಿಗೆ ಹೆಚ್ಚುವುದು ಏಳು ನಿಮಿಷಕ್ಕಿಂತ ಕಡಿಮೆ. ಥ್ರಾಟಲ್ ಸ್ವಲ್ಪ ಹಿಂದಕ್ಕೆ ತಿರುಗಿಸುವುದಕ್ಕೆ ಖರ್ಚೇನೂ ಇಲ್ಲ.

ಇಲ್ಲಿ ಎರಡು ಎಚ್ಚರಿಕೆ. ಹಗುರವಾದ ಫೈಬರ್ ದೋಣಿ ನೀರಿನ ಮೇಲೆ ಎದ್ದು ಜಾರುವಂಥದ್ದಾದರೆ ಲೆಕ್ಕ ಬೇರೆ. ಮೂತಿ ಎತ್ತಿ, ಹಿಂಭಾಗ ಕುಸಿದು ಓಡುವ ನಡುವಿನ ವೇಗವೇ ಅದಕ್ಕೆ ಅತಿ ದುಬಾರಿ. ಒಂದೋ ನಿಧಾನವಾಗಿ ಹೋಗಬೇಕು, ಇಲ್ಲವೇ ಪೂರ್ತಿ ಎದ್ದ ಮೇಲೆ ಥ್ರಾಟಲ್ ತುಸು ಇಳಿಸಬೇಕು. ಎರಡನೆಯದು, ಅಳಿವೆ ದಾಟುವಾಗ ಉಳಿತಾಯ ನೋಡಬಾರದು. ತೆರೆಯ ನಡುವೆ ಬೇಕಾದಷ್ಟು ವೇಗ ಬೇಕೇ ಬೇಕು.

ತಪ್ಪು ಕಲ್ಪನೆ: ದೊಡ್ಡ ಎಂಜಿನ್‌ಗೆ ಶ್ರಮ ಕಡಿಮೆ, ಹಾಗಾಗಿ ಎಣ್ಣೆಯೂ ಕಡಿಮೆ.

ಸತ್ಯ: ನೀರು ಸೀಳುವ ದೋಣಿಯ ವೇಗಕ್ಕೆ ಮಿತಿ ಹಾಕುವುದು ಅದರ ಉದ್ದ. ನೀರಿನ ಮಟ್ಟದಲ್ಲಿ 7 ಮೀಟರ್ ಉದ್ದವಿರುವ ದೋಣಿಗೆ ಆ ಮಿತಿ ಗಂಟೆಗೆ ಸುಮಾರು 12 ಕಿಲೋಮೀಟರ್. ಅದರಾಚೆ ಎಷ್ಟು ಅಶ್ವಶಕ್ತಿ ಸುರಿದರೂ ಅದು ಹಿಂದೆ ಏಳುವ ಅಲೆಗೇ ಹೋಗುತ್ತದೆ. ಎಂಜಿನ್ನಿನ ಹೆಚ್ಚುವರಿ ಭಾರ ಹಿಂಭಾಗವನ್ನು ಇನ್ನಷ್ಟು ಅದುಮುತ್ತದೆ.

ತಪ್ಪು ಕಲ್ಪನೆ: ಫ್ಯಾನ್ (ಪ್ರೊಪೆಲ್ಲರ್) ತಿರುಗುತ್ತಿದ್ದರೆ ಸಾಕು.

ಸತ್ಯ: ಎಂಜಿನ್ ಹುಟ್ಟಿಸಿದ ಶಕ್ತಿಯೆಲ್ಲ ನೀರಿಗೆ ದಾಟುವುದು ಫ್ಯಾನಿನಿಂದಲೇ. ಮರಳು, ಕಲ್ಲು ತಾಗಿ ಎಲೆಯ ಅಂಚು ಮುರಿದಿದ್ದರೆ, ಬಾಗಿದ್ದರೆ ಎಣ್ಣೆ ಸೋರಿದಂತೆಯೇ. ಎಲೆಯ ಓರೆ (ಪಿಚ್) ಹೆಚ್ಚಾದ ಫ್ಯಾನ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಕಡಿಮೆಯಾದರೆ ಬರಿದೇ ಅರಚುತ್ತದೆ. ಪರೀಕ್ಷೆ ಸುಲಭ: ಎಂದಿನ ಭಾರ ಹೊತ್ತು ಥ್ರಾಟಲ್ ಪೂರ್ತಿ ತೆರೆದಾಗ ಸುತ್ತುಗಳ ಸಂಖ್ಯೆ ಎಂಜಿನ್ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗೆ ಬರಬೇಕು. ಎತ್ತರವನ್ನೂ ನೋಡಿ. ಫ್ಯಾನಿನ ಮೇಲಿರುವ ಅಗಲ ತಟ್ಟೆ ದೋಣಿಯ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪವೇ ಕೆಳಗಿರಬೇಕು. ಎಂಜಿನ್ ತೀರ ಆಳಕ್ಕಿಳಿದರೆ ಅದರ ಕಾಲೇ ನೀರಿಗೆ ಅಡ್ಡ.

ತಪ್ಪು ಕಲ್ಪನೆ: ತಳದ ಪಾಚಿ, ದೋಣಿಯೊಳಗಿನ ನೀರು ದೊಡ್ಡ ವಿಷಯವಲ್ಲ.

ಸತ್ಯ: ನಿಧಾನದ ದೋಣಿಗೆ ತಡೆಯ ಬಹುಪಾಲು ಬರುವುದು ನೀರು ತಳಕ್ಕೆ ಉಜ್ಜುವುದರಿಂದ. ಪಾಚಿಯ ತೆಳು ಲೇಪವೂ ಅದನ್ನು ಹೆಚ್ಚಿಸುತ್ತದೆ, ಚಿಪ್ಪು ಕಟ್ಟಿದರಂತೂ ಕೇಳುವುದೇ ಬೇಡ. ಒಳಗೆ ನಿಂತ 100 ಲೀಟರ್ ನೀರೆಂದರೆ 100 ಕಿಲೋ ಭಾರ. ಅದಕ್ಕೆ ಮೀನಿನಂತೆ ಬೆಲೆ ಸಿಗುವುದಿಲ್ಲ.

ತಪ್ಪು ಕಲ್ಪನೆ: ಇಂಧನಕ್ಕೆ ಟೂ ಟಿ ಆಯಿಲ್ ಒಂದು ಗುಟುಕು ಹೆಚ್ಚು ಸುರಿದರೆ ಎಂಜಿನ್‌ಗೆ ಒಳ್ಳೆಯದು; ಕಡಿಮೆ ಸುರಿದರೆ ಜೇಬಿಗೆ ಒಳ್ಳೆಯದು.

ಸತ್ಯ: ಎರಡೂ ನಷ್ಟ. ಹಲವು ಪೆಟ್ರೋಲ್ ಟೂ ಸ್ಟ್ರೋಕ್ ಎಂಜಿನ್‌ಗಳಿಗೆ 50:1 ಪ್ರಮಾಣ, ಅಂದರೆ ಲೀಟರಿಗೆ 20 ಮಿಲಿಲೀಟರ್. ಸೀಮೆಎಣ್ಣೆ ಎಂಜಿನ್‌ಗಳ ಪ್ರಮಾಣ ಬೇರೆ, ಅದನ್ನು ಕೈಪಿಡಿಯಲ್ಲೇ ನೋಡಬೇಕು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಅಗ್ಗದ ಎಣ್ಣೆಯೇ ಉಳಿತಾಯ.

ಸತ್ಯ: ನಾಡದೋಣಿಗಳಿಗೆ ಸರ್ಕಾರ ರಿಯಾಯಿತಿ ದರದಲ್ಲಿ ಸೀಮೆಎಣ್ಣೆ ಕೊಡುತ್ತ ಬಂದಿದೆ. ಲೀಟರಿನ ದರ ಒಂದು, ಕಿಲೋಮೀಟರಿನ ಖರ್ಚು ಇನ್ನೊಂದು. ಸೀಮೆಎಣ್ಣೆ ಬೇಗ ಸಿಡಿಯದಿರಲೆಂದು ಅದರಿಂದ ಓಡುವ ಎಂಜಿನ್‌ಗಳಲ್ಲಿ ಒತ್ತಡದ ಪ್ರಮಾಣ ಕಡಿಮೆ ಇಟ್ಟಿರುತ್ತಾರೆ, ಅದರ ಜೊತೆ ದಕ್ಷತೆಯೂ ಇಳಿಯುತ್ತದೆ. ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಇಂಧನದ ಕಾಲು ಭಾಗದವರೆಗೂ ಉರಿಯದೆಯೇ ಹೊಗೆಯ ಜೊತೆ ಹೊರಬೀಳಬಹುದು. ಫೋರ್ ಸ್ಟ್ರೋಕ್ ಈ ಪೋಲನ್ನು ತಡೆಯುತ್ತದೆ. ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು. ದಿನಕ್ಕೆ ಹಲವು ಗಂಟೆ ಓಡಿಸುವವರಿಗೆ ಹೂಡಿದ ಹಣ ಬೇಗ ಮರಳುತ್ತದೆ, ಅಪರೂಪಕ್ಕೆ ಓಡಿಸುವವರಿಗೆ ಮರಳದೆಯೂ ಇರಬಹುದು.

ತಪ್ಪು ಕಲ್ಪನೆ: ಅಲೆಯಿಲ್ಲದ ಜಲಾಶಯದಲ್ಲಿ ಎಣ್ಣೆಯ ಚಿಂತೆಯೇ ಬೇಡ.

ಸತ್ಯ: ಮಂಜೀರಾ ನದಿಗೆ 1923ರಿಂದ 1931ರ ನಡುವೆ ಕಟ್ಟಿದ ನಿಜಾಂಸಾಗರದಂಥ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ತೆಳ್ಳಗಾಗುತ್ತದೆ. ಕೆಳಗಿನ ನೆಲ ಹತ್ತಿರವಾದಷ್ಟೂ ನೀರು ದೋಣಿಯಡಿ ಸರಾಗವಾಗಿ ಸರಿಯದೆ ತಡೆ ಏರುತ್ತದೆ, ಹಿಂಭಾಗ ಕುಸಿಯುತ್ತದೆ. ಕಳೆ ಫ್ಯಾನಿಗೆ ಸುತ್ತಿಕೊಂಡರೆ ಇನ್ನಷ್ಟು ನಷ್ಟ. ಅಲ್ಲಿ ಆಳದ ದಾರಿ ಸುತ್ತಾದರೂ ಅಗ್ಗ.

ಇವುಗಳಲ್ಲಿ ನಿಮ್ಮ ದೋಣಿಗೆ ಯಾವುದು ಎಷ್ಟು ಉಳಿಸುತ್ತದೆ ಎನ್ನುವುದನ್ನು ಅಳೆದೇ ನೋಡಬೇಕು. ಗುರುತು ಹಾಕಿದ ಕ್ಯಾನ್, ಮೊಬೈಲಿನ ಜಿಪಿಎಸ್, ಅಷ್ಟು ಸಾಕು. ಒಂದೇ ದಾರಿಯಲ್ಲಿ ಹೋಗಿ ಬಂದು, ಗಾಳಿ ಮತ್ತು ಸೆಳೆತದ ಲಾಭನಷ್ಟ ಸರಿತೂಗಿದ ಮೇಲೆ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲು ವೇಗ, ಆಮೇಲೆ ತಳ ಮತ್ತು ಭಾರ, ಆಮೇಲೆ ಫ್ಯಾನ್. ಹೊಸ ಎಂಜಿನ್ನಿನ ಮಾತು ಕೊನೆಗಿರಲಿ. ಎಷ್ಟೇ ಉಳಿತಾಯವಾದರೂ ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂಬ ಲೆಕ್ಕದಲ್ಲಿ ಎಣ್ಣೆ ತುಂಬಿಕೊಂಡೇ ಹೊರಡಿ.