ಡೆಕೊರೇಟ್ ಅಂದ್ರೆ ಬರೀ ಹೂವು, ಬಲೂನ್ ಅಲ್ಲ!

ಲಂಡನ್‌ನಲ್ಲಿರೋ ಗೆಳತಿ ಫೋನಲ್ಲಿ ಹೇಳ್ತಾಳೆ:
“ವೀ ಆರ್ ಡೆಕೊರೇಟಿಂಗ್ ದಿಸ್ ವೀಕೆಂಡ್.”
ಮನೇಲಿ ಏನು ಫಂಕ್ಷನ್ ಅಂತ ಕೇಳ್ತೀರಾ?
ತಡೀರಿ!
ಅವಳ ಕೈಲಿರೋದು ಹೂವಲ್ಲ,
ಪೇಂಟ್ ಬ್ರಷ್ಷು.

ಬ್ರಿಟನ್ನಲ್ಲಿ ಡೆಕೊರೇಟ್ ಅಂದ್ರೆ
ಗೋಡೆಗೆ ಬಣ್ಣ ಹೊಡೆಯೋದು,
ವಾಲ್‌ಪೇಪರ್ ಅಂಟಿಸೋದು ಕೂಡ.
ಅಲ್ಲಿ ಡೆಕೊರೇಟರ್ ಬಂದ್ರು ಅಂದ್ರೆ
ಪೇಂಟರ್ ಬಂದ್ರು ಅಂತ.

ಕೇಕ್ ಡೆಕೊರೇಟ್ ಮಾಡೋದು ಗೊತ್ತೇ ಇದೆ, ಬಿಡಿ.

ನನಗೆ ತುಂಬಾ ಇಷ್ಟವಾದ ಅರ್ಥ ಬೇರೆ.
ಸೈನಿಕರನ್ನೂ ಡೆಕೊರೇಟ್ ಮಾಡ್ತಾರೆ!
ಅಂದ್ರೆ, ಪದಕ ಕೊಟ್ಟು ಗೌರವಿಸ್ತಾರೆ.
ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ,
ಎರಡನೇ ಮಹಾಯುದ್ಧದಲ್ಲಿ
ಬರ್ಮಾದಲ್ಲಿ ಹೋರಾಡಿ
ಡಿಎಸ್‌ಒ ಅನ್ನೋ ಸೇನಾ ಗೌರವ ಪಡೆದವರು.
ಅಂಥವರು ‘ಡೆಕೊರೇಟೆಡ್ ಆಫೀಸರ್’.
28 ಒಲಿಂಪಿಕ್ ಪದಕ ಗೆದ್ದ ಮೈಕಲ್ ಫೆಲ್ಪ್ಸ್?
‘ಮೋಸ್ಟ್ ಡೆಕೊರೇಟೆಡ್ ಒಲಿಂಪಿಯನ್’.

ಅಲಂಕಾರಕ್ಕೂ ಪದಕಕ್ಕೂ ಏನು ನಂಟು?
ಈ ಪದದ ಬೇರು ಲ್ಯಾಟಿನ್‌ನ ‘ಡೆಕುಸ್’.
ಅಂದವೂ ಹೌದು, ಗೌರವವೂ ಹೌದು.
ದಸರಾ ಆನೆ ಮೈಮೇಲಿನ
ಚಿತ್ತಾರ ಇದೆಯಲ್ಲ, ಹಾಗೆ!

ಬಳಸುವಾಗ ಒಂದು ವಿಷಯ ಗಮನದಲ್ಲಿರಲಿ.
ಯಾವುದರಿಂದ ಅಲಂಕಾರ? ‘ವಿತ್’.
ಡೆಕೊರೇಟೆಡ್ ವಿತ್ ಫ್ಲವರ್ಸ್.
ಯಾತಕ್ಕೆ ಪದಕ? ‘ಫಾರ್’.
ಡೆಕೊರೇಟೆಡ್ ಫಾರ್ ಬ್ರೇವರಿ.